ಧಾರವಾಡದಲ್ಲಿ ಮನೆ ಮಾಡುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಊರಿಗೆ ಹೊಸಬರೇ ಜಾಸ್ತಿ ಇದ್ದೀರಿ. ಕೆಲವರು ಓದಲು ಬಂದಿದ್ದೀರಿ, ಕೆಲವರು ನೌಕರಿಗೆ. ಧಾರವಾಡದಲ್ಲಿ ಇರುವುದರಲ್ಲಿ ಸುಖವೇನು, ಕಷ್ಟವೇನು ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನಾನೂ ಹೊರಗಿನಿಂದ ಬಂದವಳೇ. ತವರು ಮೈಸೂರು ಕಡೆ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ ಆಯಿತು.

ಇಲ್ಲಿ ನಾನು ಮೊದಲು ಕಲಿತ ಪದ ‘ನಳ’. ನಮ್ಮ ಕಡೆ ಅದು ನಲ್ಲಿ. ಬಂದ ವಾರದಲ್ಲೇ ಒಂದು ದಿನ ಬೆಳಗಿನ ಜಾವ ಎದುರು ಮನೆಯ ಕಾಕು (ಇಲ್ಲಿ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ) ಬಾಗಿಲು ಬಡಿದರು. “ಏಳವಾ, ನಳಕ್ಕ ನೀರ ಬಂದಾವ” ಅಂದರು. ನಾನು ಕಣ್ಣುಜ್ಜಿಕೊಂಡು ಎರಡು ಕೊಡ ಹಿಡಿದು ನಿಂತೆ. ಅವರು ನನ್ನ ಕೈ ನೋಡಿದರು, ಒಳಗೆ ಬಂದರು, ನಮ್ಮ ಅಡುಗೆಮನೆಯ ಪಾತ್ರೆಗಳನ್ನೆಲ್ಲ ತಾವೇ ಎತ್ತಿ ಹೊರಗೆ ತಂದರು. ಹಂಡೆ, ಬಕೆಟ್ಟು, ಬ್ಯಾರಲ್, ಕೊನೆಗೆ ಹಾಲಿನ ಪಾತ್ರೆಯೂ ತುಂಬಿತು. ಯಾಕೆ ಅಂತ ಮುಂದಿನ ಎಂಟು ದಿನದಲ್ಲಿ ನನಗೆ ಅರ್ಥವಾಯಿತು. ಏಳನೇ ದಿನ ಬ್ಯಾರಲ್‌ನ ತಳದಲ್ಲಿ ನಾಲ್ಕು ಬೆರಳು ನೀರು. ಚೊಂಬು ಮುಳುಗುವುದಿಲ್ಲ. ಒಬ್ಬರು ಬ್ಯಾರಲ್ ಓರೆ ಮಾಡಿ ಹಿಡಿಯಬೇಕು, ಇನ್ನೊಬ್ಬರು ಬಗ್ಗಿ ತುಂಬಬೇಕು.

ಮಳೆಗಾಲದಲ್ಲಿ ದಿನಗಟ್ಟಲೆ ಜಿಟಿಜಿಟಿ ಸುರಿಯುವ ಊರಿಗೆ ನೀರಿಲ್ಲ ಅಂದರೆ ನಂಬಲು ಕಷ್ಟ, ಅಲ್ವಾ? ಕಾರಣ ಈ ಊರು ಕೂತಿರುವ ಜಾಗದಲ್ಲೇ ಇದೆ. ಪಶ್ಚಿಮಕ್ಕೆ ಹೋದರೆ ಕೆಂಪು ಮಣ್ಣು, ಮಲೆನಾಡಿನ ಅಂಚು. ಪೂರ್ವಕ್ಕೆ ಹೋದರೆ ಎರೆ ಹೊಲ, ಅಂದರೆ ಕಪ್ಪು ಮಣ್ಣು. ನಾವು ಇರುವುದು ನಡುವಿನ ದಿಬ್ಬದ ಮೇಲೆ. ಇಲ್ಲಿನ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ಹಳ್ಳಗಳು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಹೋಗುತ್ತವೆ. ಬಿದ್ದ ಮಳೆ ಎರಡೂ ಕಡೆ ಇಳಿದು ಹೋಗುತ್ತದೆ. ಊರ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಹಾಗಾಗಿ ಕುಡಿಯುವ ನೀರು ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬರಬೇಕು. ದೂರದಿಂದ ಎತ್ತಿ ತರುವ ನೀರು. ಪಂಪು ಕೆಟ್ಟರೆ, ಕರೆಂಟು ಹೋದರೆ, ಪೈಪು ಒಡೆದರೆ ನಮ್ಮ ಸರದಿ ಮುಂದಕ್ಕೆ ಹೋಗುತ್ತದೆ.

2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರಲು ಶುರುವಾಯಿತು. ಆಗ ಗೊತ್ತಾಯಿತು, ಇದು ಆಗದ ಕೆಲಸವಲ್ಲ ಅಂತ. ಅದೇ ನನಗೆ ಜಾಸ್ತಿ ನೋವು ಕೊಡುವ ವಿಷಯ. ಒಂದು ಬಡಾವಣೆಯಲ್ಲಿ ನಳ ತಿರುಗಿಸಿದಾಗೆಲ್ಲ ನೀರು. ಇನ್ನೊಂದು ಬಡಾವಣೆಯ ಹೆಣ್ಣುಮಕ್ಕಳು ವಾಲ್ವ್ ಬಿಡುವವನ ದಾರಿ ಕಾಯುತ್ತಾರೆ. ನಮ್ಮ ಓಣಿಯಲ್ಲಿ ಪೈಪು ಹಾಕಲು ರಸ್ತೆ ಅಗೆದರು. ಮುಚ್ಚುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಆ ಕೆಸರಿನಲ್ಲಿ ನನ್ನ ಅತ್ತೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಇಷ್ಟು ಕೇಳಿ, ಮತ್ತೆ ಈಕೆ ಯಾಕೆ ಇಲ್ಲೇ ಇದ್ದಾಳೆ ಅಂತ ನಿಮಗೆ ಅನ್ನಿಸಬಹುದು. ಹೇಳುತ್ತೇನೆ.

ಈ ಊರಲ್ಲಿ ಸಂಜೆ ಅನ್ನುವುದು ಇನ್ನೂ ಉಳಿದಿದೆ. ಕೆಲಸ ಮುಗಿಸಿ ಮನೆಗೆ ಬಂದು, ಚಹಾ ಕುಡಿದು, ನಡೆದೇ ಹೋಗಿ ಒಂದು ಒಳ್ಳೆಯ ಮಾತು ಕೇಳಿಕೊಂಡು ಬರಬಹುದು. ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾಗಿದ್ದು 1890ರಲ್ಲಿ. ಇವತ್ತಿಗೂ ಅಲ್ಲಿ ದತ್ತಿ ಉಪನ್ಯಾಸ ನಡೆಯುತ್ತವೆ, ಟಿಕೆಟ್ ಇಲ್ಲ. ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಬಾಳಿದ ಊರು ಇದು. ನಾನು ಬರುವಷ್ಟರಲ್ಲಿ ಇಬ್ಬರೂ ಇರಲಿಲ್ಲ. ಆದರೆ ಅವರನ್ನು ಕೇಳಿದ ಕಿವಿಗಳು ಇದ್ದವು. ಒಂದು ಕಛೇರಿಯಲ್ಲಿ ನನ್ನ ಪಕ್ಕ ಜಮಖಾನದ ಮೇಲೆ ಕೂತಿದ್ದ ಮುದುಕರು, ಕೈಯಲ್ಲಿ ಸಂತೆಯ ಚೀಲ, ಅದರಲ್ಲಿ ಮೆಂತ್ಯದ ಸೊಪ್ಪು. ಗಾಯಕ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದಾಗ ಅವರ ಕೈ ತಾನಾಗಿ ತೊಡೆಯ ಮೇಲೆ ಬಿತ್ತು. ಆಮೇಲೆ ನನ್ನ ಕಡೆ ತಿರುಗಿ ಅದು ಯಾವ ರಾಗ, ಯಾಕೆ ಹಾಗೆ ಹಾಡಿದರು ಅಂತ ಹೇಳಿಕೊಟ್ಟರು. ಸಂಗೀತದ ಗಂಧ ಇಲ್ಲದ ನನಗೆ ಹಾಡು ಕೇಳಲು ಕಲಿಸಿದ್ದು ಇಂಥವರು. ದುಡ್ಡು ಕೊಟ್ಟರೆ ಸಿಗುವ ಪಾಠವಲ್ಲ ಅದು.

ಓಡಾಟವೂ ಹಗುರ. ಹುಬ್ಬಳ್ಳಿಗೆ ಚಿಗರಿ ಬಸ್ಸಿದೆ, ಅದಕ್ಕೇ ಬೇರೆ ಪಥವಿದೆ. ಅದರ ರಸ್ತೆಗಾಗಿ ಪಿ.ಬಿ. (ಪುಣೆ-ಬೆಂಗಳೂರು) ರೋಡಿನ ಎಷ್ಟೋ ಹಳೆಯ ಮರಗಳು ಹೋದವು. ಆ ನೆರಳನ್ನು ನೋಡಿದವರಿಗೆ ಈಗಲೂ ಆ ದಾರಿ ಬೋಳು ಅನ್ನಿಸುತ್ತದೆ.

ಇನ್ನು ನೌಕರಿಯ ಮಾತು. ಸಪ್ತಾಪುರದ ಕಡೆ ಸುಮ್ನೆ ಒಂದು ಸುತ್ತು ಹಾಕಿ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಸಣ್ಣ ಸಣ್ಣ ಕೋಣೆಗಳಲ್ಲಿದ್ದು ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುತ್ತಾರೆ. ಈ ಊರು ಅವರನ್ನು ತಯಾರು ಮಾಡುತ್ತದೆ, ಆದರೆ ಕೆಲಸ ಕೊಡುವ ಶಕ್ತಿ ಇದಕ್ಕೆ ಕಡಿಮೆ. 2016ರಲ್ಲಿ ಐಐಟಿ ಬಂತು, ಹೈಕೋರ್ಟ್ ಪೀಠ ಅದಕ್ಕೂ ಮೊದಲೇ ಬಂದಿತ್ತು. ಆದರೂ ಓದಿದ ಮಕ್ಕಳು ಬೆಂಗಳೂರು, ಪುಣೆ ಅಂತ ಹೊರಡುತ್ತಾರೆ. ನನ್ನ ಮಗಳೂ ಹೋದಳು. 2023ರಿಂದ ವಂದೇ ಭಾರತ್ ರೈಲು ಇದೆ, ಹಬ್ಬಕ್ಕೆ ಬರುತ್ತಾಳೆ. ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ಏಳರಲ್ಲಿ ಈಗ ಇರುವುದು ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ವಯಸ್ಸಾಗಿದೆ. ಆ ವಯಸ್ಸಿನಲ್ಲಿ ಬ್ಯಾರಲ್ ಓರೆ ಮಾಡಲು ಆಗುವುದಿಲ್ಲ. ನೀರಿನ ಕಷ್ಟ ದೊಡ್ಡದು ಅಂತ ನಾನು ಹೇಳುವುದು ಅದಕ್ಕೇ.

1962ರಿಂದ ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಒಂದೇ ಪಾಲಿಕೆ ಇತ್ತು. ಬಹಳ ವರ್ಷ ಕೇಳಿದ ಮೇಲೆ 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸರ್ಕಾರ ಒಪ್ಪಿತು. ಅದರ ಮೊದಲ ಕೆಲಸ ನೀರೇ ಆಗಬೇಕು ಅಂತ ನನ್ನ ಆಸೆ. ನೀವೂ ಈಗ ಈ ಊರಿನವರು, ಕೇಳುವ ಹಕ್ಕು ನಿಮಗೂ ಇದೆ.

ಅಲ್ಲಿಯವರೆಗೆ, ಬಾಡಿಗೆ ಮನೆ ನೋಡುವಾಗ ಗಾಳಿ, ಬೆಳಕು ಎಲ್ಲ ಆಮೇಲೆ ಕೇಳಿ. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು, ಕೆಳಗೆ ಸಂಪು ಇದೆಯಾ, ಎಷ್ಟು ಲೀಟರ್ ಹಿಡಿಯುತ್ತದೆ, ಮೊದಲು ಇಷ್ಟು ಕೇಳಿ. ಮಾಲೀಕರ ಮಾತನ್ನಷ್ಟೇ ನಂಬಬೇಡಿ, ಪಕ್ಕದ ಮನೆಯ ಕಾಕುವನ್ನೂ ಕೇಳಿ. ಇಲ್ಲಿ ಯಾರಾದರೂ ಮನೆ ಹುಡುಕುತ್ತಿದ್ದರೆ ಚಹಾ ಹೊತ್ತಿನಲ್ಲಿ ನನ್ನ ಹತ್ತಿರ ಬನ್ನಿ. ಯಾವ ಓಣಿಯಲ್ಲಿ ಹೇಗಿದೆ ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.