ಕಾರ್ಟೂನ್ ನೋಡಿದರೆ ಮಕ್ಕಳು ಸುಳ್ಳು ಹೇಳುವುದನ್ನು ಬಿಡುತ್ತಾರಾ? ಬಾಡ ಊರಿನ ಕನಕದಾಸರ ಬಾಳೆಹಣ್ಣಿನ ಕಥೆ ಇಟ್ಟುಕೊಂಡು ನೋಡೋಣ

ನಮಸ್ಕಾರ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅಪ್ಪ-ಅವ್ವಂದಿರಿಗಾಗಿ ಈ ವಿಡಿಯೋ: ಕಾರ್ಟೂನ್ ನೋಡಿ ಮಕ್ಕಳು ಸುಳ್ಳು, ಕೆಟ್ಟ ಸಹವಾಸ ಬಿಡುವುದನ್ನು ಕಲಿಯುತ್ತಾರಾ ಅಂತ. ಬೇರೆ ಕಡೆಯವರೂ ಕೂತು ನೋಡಿ, ಬೇಡ ಅನ್ನುವುದಿಲ್ಲ.

ನಿಮ್ಮ ಮನೆಯಲ್ಲಿ ಡೋರೆಮಾನ್ ನೋಡುವ ಮಗು ಇದೆಯಾ? ಹಾಗಾದರೆ ನೆನಪಿನ ಬ್ರೆಡ್ಡಿನ ಕಥೆ ಅದಕ್ಕೆ ಗೊತ್ತಿರಬಹುದು. ಕಥೆಯ ಹುಡುಗ ನೋಬಿತಾಗೆ ಪರೀಕ್ಷೆ ಬಂದಿದೆ, ಏನೂ ಓದಿಲ್ಲ. ಡೋರೆಮಾನ್ ತನ್ನ ಜೇಬಿನಿಂದ ಒಂದು ಬ್ರೆಡ್ ತೆಗೆದುಕೊಡುತ್ತದೆ. ಪುಸ್ತಕದ ಪುಟದ ಮೇಲೆ ಒತ್ತಿ ತಿಂದರೆ ಸಾಕು, ಪುಟ ಪೂರ್ತಿ ಬಾಯಿಪಾಠ. ಕೊನೆಗೆ ತಿಂದು ತಿಂದು ಹೊಟ್ಟೆ ಕೆಟ್ಟು, ನೆನಪಿದ್ದದ್ದೆಲ್ಲ ಹೊಟ್ಟೆಯ ಜೊತೆಗೇ ಖಾಲಿಯಾಗುತ್ತದೆ. ನಮಗೆ ಇದು ಅಡ್ಡದಾರಿ ಹಿಡಿಯಬೇಡ ಅನ್ನುವ ಕಥೆ. ಆರು ವರ್ಷದ ಮಗು ಏನನ್ನುತ್ತದೆ? "ಅವ್ವಾ, ನನಗೂ ಆ ಬ್ರೆಡ್ ಬೇಕು."

ಮಗುವಿನ ತಪ್ಪಲ್ಲ ಅದು. ಎಪಿಸೋಡ್ ಪೂರ್ತಿ ಬ್ರೆಡ್ಡಿನ ಮಜಾ ತೋರಿಸಿ, ಕೊನೆಯ ಒಂದು ನಿಮಿಷ ಹೊಟ್ಟೆನೋವು ತೋರಿಸಿದರೆ ಯಾರಿಗೆ ಏನು ನೆನಪಿರುತ್ತದೆ ಹೇಳಿ. ಈಗ ಅಪ್ಪ-ಅವ್ವ ಆಗಿರುವ ನಾವೂ ಹಾಗೇ ನೋಡಿದವರು. 1997ರಲ್ಲಿ ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾಯಿತು. ಕಾರ್ಟೂನ್ ಅಲ್ಲ ನಿಜ, ಆದರೆ ಕಥೆ ಮುಗಿದ ಮೇಲೆ ತಪ್ಪು ಮಾಡಿದ ಮಗು "ಸಾರಿ ಶಕ್ತಿಮಾನ್" ಅನ್ನುವ ತುಣುಕು ಬರುತ್ತಿತ್ತು ಅಲ್ವಾ? ನಮ್ಮ ಓಣಿಯ ಹುಡುಗರು ಆ ಬುದ್ಧಿಮಾತನ್ನು ಬಿಟ್ಟರು, ಗರಗರ ತಿರುಗುವುದನ್ನು ಮಾತ್ರ ಚೆನ್ನಾಗಿ ಕಲಿತರು.

[ತೆರೆಯ ಮೇಲೆ: ಉದ್ದ ಪಟ್ಟಿ. ಬಹುಪಾಲು ಕೆಂಪು (ತಪ್ಪು, ಜಗಳದ ಮಜಾ), ತುದಿಯಲ್ಲಿ ಚೂರು ಹಸಿರು (ಬುದ್ಧಿಮಾತು)]

ಇದರ ಬಗ್ಗೆ ಸಂಶೋಧನೆ ಆಗಿದೆ. 2006ರಲ್ಲಿ ಅಮೆರಿಕದ ಜೇಮಿ ಓಸ್ಟ್ರೋವ್, ಡಗ್ಲಸ್ ಜೆಂಟೈಲ್ ಮತ್ತು ಅವರ ಜೊತೆಗಾರರು ಶಾಲೆಗೆ ಹೋಗುವ ಮೊದಲಿನ ವಯಸ್ಸಿನ ಮಕ್ಕಳ ಮೇಲೆ ಕಣ್ಣಿಟ್ಟರು. ಮಕ್ಕಳಿಗೆ ಒಳ್ಳೆಯದು ಅನ್ನಿಸಿಕೊಂಡ ಕಾರ್ಯಕ್ರಮಗಳನ್ನು ಜಾಸ್ತಿ ನೋಡಿದವರಲ್ಲೇ ಟೂ ಬಿಡುವುದು, ಆಟಕ್ಕೆ ಸೇರಿಸದೇ ಇರುವುದು, ಚಾಡಿ ಹೇಳಿ ಬೇರೆ ಮಾಡುವುದು, ಇಂಥವು ಜಾಸ್ತಿ ಕಂಡವು. ಕಾರ್ಟೂನಿನಿಂದಲೇ ಹೀಗಾಯಿತು ಅಂತ ಇಷ್ಟರಿಂದಲೇ ಹೇಳಲಾಗದು. ಆದರೆ ಅವರ ಊಹೆ ನನಗೆ ಸರಿ ಅನ್ನಿಸುತ್ತದೆ: ಇಂಥ ಕಥೆಗಳಲ್ಲಿ ಜಗಳವೇ ಮುಕ್ಕಾಲು ಪಾಲು, ರಾಜಿ ಕೊನೆಗೆ. ಸಣ್ಣ ಮಗು ಆ ಕೊನೆಯನ್ನು ನಡುವಿನ ಜಗಳಕ್ಕೆ ಜೋಡಿಸಿಕೊಳ್ಳುವುದಿಲ್ಲ. ಅದಕ್ಕೆ ಜಗಳವೇ ಪಾಠ.

ಸರಿ, ಈಗ ಸುಳ್ಳಿನ ವಿಷಯ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು.

2014ರಲ್ಲಿ ಕೆನಡಾದ ಟೊರೊಂಟೊದ ಸಂಶೋಧಕ ಕಾಂಗ್ ಲೀ ಅವರ ತಂಡ ಮೂರರಿಂದ ಏಳು ವರ್ಷದ ಮಕ್ಕಳ ಜೊತೆ ಒಂದು ಆಟ ಆಡಿತು. ಮಗುವಿನ ಬೆನ್ನ ಹಿಂದೆ ಗೊಂಬೆ ಇಡುತ್ತಾರೆ, ಸದ್ದು ಕೇಳಿ ಯಾವ ಗೊಂಬೆ ಅಂತ ಹೇಳಬೇಕು. ಆಟದ ನಡುವೆ ದೊಡ್ಡವರು "ತಿರುಗಿ ನೋಡಬೇಡ" ಅಂತ ಹೇಳಿ ಹೊರಗೆ ಹೋಗುತ್ತಾರೆ. ಮಕ್ಕಳು ತಿರುಗಿ ನೋಡದೇ ಇರುತ್ತಾರಾ? ಬಂದ ಮೇಲೆ ಒಂದು ಕಥೆ ಓದಿ ಹೇಳಿ, ಆಮೇಲೆ "ನೋಡಿದೆಯಾ?" ಅಂತ ಕೇಳುತ್ತಾರೆ. ಕೆಲವರಿಗೆ ಸುಳ್ಳು ಹೇಳಿದರೆ ಮೂಗು ಉದ್ದವಾಗುವ ಪಿನೋಕಿಯೋ ಕಥೆ. ಕೆಲವರಿಗೆ ತೋಳ ಬಂತು ತೋಳ ಕಥೆ. ಇನ್ನು ಕೆಲವರಿಗೆ, ಚೆರ್ರಿ ಗಿಡ ಕಡಿದದ್ದು ನಾನೇ ಅಂತ ಅಪ್ಪನ ಮುಂದೆ ಒಪ್ಪಿಕೊಂಡು ಶಭಾಷ್ ಅನ್ನಿಸಿಕೊಂಡ ಹುಡುಗ, ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ ಕಥೆ.

ಮೂಗಿನ ಕಥೆ, ತೋಳದ ಕಥೆ ಕೇಳಿದವರಲ್ಲಿ ಸುಳ್ಳು ಕಮ್ಮಿ ಆಗಲಿಲ್ಲ. ವಾಷಿಂಗ್ಟನ್ ಕಥೆ ಕೇಳಿದವರು ನಿಜ ಹೇಳುವುದು ಜಾಸ್ತಿ ಆಯಿತು. ಆಮೇಲೆ ಅದೇ ಕಥೆಯ ಕೊನೆ ಬದಲಿಸಿ, ಹುಡುಗ ಸುಳ್ಳು ಹೇಳಿ ಕೆಟ್ಟ ಫಲ ಉಂಡ ಹಾಗೆ ಮಾಡಿದರು. ಅದೂ ಫಲ ಕೊಡಲಿಲ್ಲ.

ಅಂದರೆ ಹೆದರಿಕೆಯಿಂದ ಆಗದ ಕೆಲಸ ಒಂದು ಶಭಾಷ್‌ನಿಂದ ಆಯಿತು. ಇನ್ನೊಂದು ತಮಾಷೆ ಗೊತ್ತಾ? ಆ ಚೆರ್ರಿ ಗಿಡದ ಘಟನೆ ನಡೆದೇ ಇಲ್ಲ. ವಾಷಿಂಗ್ಟನ್ ಜೀವನ ಚರಿತ್ರೆ ಬರೆದ ವೀಮ್ಸ್ ಅನ್ನುವವರು 1806ರ ಆವೃತ್ತಿಯಲ್ಲಿ ಸೇರಿಸಿದ್ದು. ಸತ್ಯ ಹೇಳು ಅಂತ ಕಲಿಸುವ ಕಥೆಯೇ ಸುಳ್ಳು!

ಅಷ್ಟು ದೂರ ಹೋಗುವುದೇ ಬೇಡ. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೊರಟರೆ ಶಿಗ್ಗಾವಿ ತಾಲೂಕಿನ ಬಾಡ ಸಿಗುತ್ತದೆ, ಕನಕದಾಸರು ಹುಟ್ಟಿದ ಊರು. ಬಾಳೆಹಣ್ಣಿನ ಕಥೆ ನಿಮಗೆಲ್ಲ ಗೊತ್ತು. ಗುರು ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂದರು. ಎಲ್ಲರೂ ಒಂದೊಂದು ಮೂಲೆ ಹುಡುಕಿ ತಿಂದು ಬಂದರು. ಕನಕ ಹಣ್ಣು ಕೈಯಲ್ಲೇ ಹಿಡಿದು ವಾಪಸ್ ಬಂದ, ದೇವರು ನೋಡದ ಜಾಗ ಸಿಗಲಿಲ್ಲ ಅಂತ. ನಂಬಿಕೆ ಇಲ್ಲದವರು ದೇವರ ಬದಲು "ನಾನೇ ನೋಡುತ್ತಿದ್ದೇನಲ್ಲ" ಅಂತ ಇಟ್ಟುಕೊಳ್ಳಿ, ಕಥೆ ಕೆಡುವುದಿಲ್ಲ. ಇಲ್ಲಿ ಯಾರಿಗೂ ಶಿಕ್ಷೆ ಇಲ್ಲ, ಮೂಗು ಉದ್ದವಾಗುವುದಿಲ್ಲ, ತೋಳ ಬರುವುದಿಲ್ಲ. ಸರಿಯಾಗಿ ನಡೆದವನಿಗೆ ಗುರುವಿನ ಮೆಚ್ಚುಗೆ ಸಿಗುತ್ತದೆ, ಅಷ್ಟೇ. ಕಾಂಗ್ ಲೀ ಪ್ರಯೋಗದಲ್ಲಿ ಗೆದ್ದ ಕಥೆಯ ಅಚ್ಚೇ ಇದು.

ಈಗ ಇದನ್ನು ಕಾರ್ಟೂನ್ ಮಾಡಲು ಕೊಟ್ಟರೆ ಏನಾಗುತ್ತದೆ ನೋಡಿ. ಉಳಿದ ಶಿಷ್ಯರು ಅಡಗಿ ತಿನ್ನುವುದರಲ್ಲೇ ನಗು ಇರುವುದು. ಒಬ್ಬ ಕಂಬಳಿ ಹೊದ್ದು ತಿನ್ನುತ್ತಾನೆ, ಒಬ್ಬ ಬಣವೆ ಹಿಂದೆ, ಒಬ್ಬ ಸಿಪ್ಪೆ ಮೇಲೆ ಕಾಲಿಟ್ಟು ಜಾರಿ ಬೀಳುತ್ತಾನೆ. ಹತ್ತು ನಿಮಿಷದ ಕಾರ್ಟೂನಿನಲ್ಲಿ ಎಂಟು ನಿಮಿಷ ಇದೇ! ಕನಕನಿಗೆ ಕೊನೆಯಲ್ಲಿ ಕೈಮುಗಿದು ನಿಂತು ಒಂದು ಭಾಷಣ. ಮತ್ತೆ ಅದೇ ಕೆಂಪು ಪಟ್ಟಿ. ನಾನಾದರೆ ಕ್ಯಾಮೆರಾವನ್ನು ಕನಕನ ಬೆನ್ನಿಗೇ ಬಿಡುತ್ತೇನೆ. ಅವನಿಗೂ ಹಸಿವಿದೆ. ಅವನೂ ಸಿಪ್ಪೆ ಅರ್ಧ ಸುಲಿಯುತ್ತಾನೆ, ನಿಲ್ಲುತ್ತಾನೆ, ಇನ್ನೊಂದು ಜಾಗ ಹುಡುಕುತ್ತಾನೆ. ಆಸೆಯೇ ಇಲ್ಲದವನು ತಿನ್ನದೇ ಬಂದರೆ ಅದರಲ್ಲಿ ಮಗುವಿಗೆ ಕಲಿಯಲು ಏನಿದೆ?

ಇನ್ನೊಂದು ತೊಡಕು ಇದೆ. 2008ರಲ್ಲಿ ಮೇರಿ-ಲೂಯಿಸ್ ಮೇರ್ಸ್ ಮತ್ತು ಎಮಿಲಿ ಅಕೋಸ್ಟಾ ಅನ್ನುವವರು ಅಮೆರಿಕದ ಕಿಂಡರ್‌ಗಾರ್ಟನ್ ಮಕ್ಕಳಿಗೆ ಕ್ಲಿಫರ್ಡ್ ಅನ್ನುವ ಕೆಂಪು ನಾಯಿಯ ಕಾರ್ಟೂನ್ ತೋರಿಸಿದರು. ಊರಿಗೆ ಮೂರು ಕಾಲಿನ ನಾಯಿ ಬರುತ್ತದೆ, ಉಳಿದವು ಮೊದಲು ದೂರ ನಿಲ್ಲುತ್ತವೆ, ಆಮೇಲೆ ಸ್ನೇಹ ಮಾಡುತ್ತವೆ. ಏನು ತಿಳಿಯಿತು ಅಂತ ಕೇಳಿದರೆ ಹೆಚ್ಚಿನ ಮಕ್ಕಳ ಉತ್ತರ ನಾಯಿಯಲ್ಲೇ ನಿಂತಿತು. ಮೂರು ಕಾಲಿನ ನಾಯಿ ಕಂಡರೆ ಚೆನ್ನಾಗಿ ನೋಡಿಕೊಳ್ಳಬೇಕು, ಅಷ್ಟೇ. ಕುಂಟುವ ಗೆಳೆಯನವರೆಗೆ ಪಾಠ ಬರಲೇ ಇಲ್ಲ. ನಮ್ಮ ಕಥೆಯಲ್ಲೂ ಮಗು "ಬಾಳೆಹಣ್ಣು ಕದ್ದು ತಿನ್ನಬಾರದು, ಪೇಡೆ ತಿನ್ನಬಹುದು" ಅಂದರೆ ಆಶ್ಚರ್ಯ ಪಡಬೇಡಿ.

ಪ್ರಾಣಿಗಳ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಟೊರೊಂಟೊದಲ್ಲೇ 2017ರಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗ್ಗೆ ಕಥೆ ಓದಿದರು. ಪಾತ್ರಗಳು ಮನುಷ್ಯರಾಗಿದ್ದಾಗ ಮಕ್ಕಳು ತಮ್ಮ ಸ್ಟಿಕರ್ ಹೆಚ್ಚು ಹಂಚಿದರು, ಅಂಗಿ ತೊಟ್ಟ ಪ್ರಾಣಿಗಳಾಗಿದ್ದಾಗ ಹಾಗಾಗಲಿಲ್ಲ. ಅದು ಪುಸ್ತಕದ ಕಥೆ, ಟಿವಿಯದ್ದಲ್ಲ. ಆದರೂ ಕಾರ್ಟೂನ್ ಅಂದರೆ ಕರಡಿ, ಮೊಲವೇ ಆಗಬೇಕು ಅನ್ನುವವರು ಸ್ವಲ್ಪ ಯೋಚಿಸಲಿ. ಸರ್ಕಾರಿ ಶಾಲೆಯ ಸಮವಸ್ತ್ರ ಹಾಕಿದ, ರಾಣೆಬೆನ್ನೂರಿನ ಬಸ್ಸಿಗೆ ಕಾಯುವ ಹುಡುಗಿಯೊಬ್ಬಳು ಸಾಕು.

ಹಾಗಾದರೆ ದಾರಿ ಏನು? ಮೇರ್ಸ್ ಮತ್ತು ಅಕೋಸ್ಟಾ ಮುಂದಿನ ಒಂದು ಪ್ರಯೋಗದಲ್ಲಿ ಕಥೆಯ ನಡುವೆಯೇ ಪಾಠ ಬಿಡಿಸಿ ಹೇಳುವ ಚಿಕ್ಕ ತುಣುಕು ಸೇರಿಸಿದರು. ಮಕ್ಕಳಿಗೆ ಅರ್ಥವಾಗುವುದು ಸುಧಾರಿಸಿತು. ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ. ದೊಡ್ಡಾಟದಲ್ಲಿ ಸಾರಥಿ ಮಾಡುವುದು ಇದನ್ನೇ ಅಲ್ವಾ? ರಾಜ ಕುಣಿದುಕೊಂಡು ಬಂದ ಕೂಡಲೇ ತಡೆದು, ನೀವು ಯಾರು, ಯಾವ ಊರು, ಇಲ್ಲಿಗೆ ಯಾಕೆ ಬಂದಿರಿ ಅಂತ ಕೇಳುತ್ತಾನೆ. ಆಟ ನಿಲ್ಲುತ್ತದೆ, ನೋಡುವವರಿಗೆ ವಿಷಯ ತಿಳಿಯುತ್ತದೆ, ಮತ್ತೆ ಕುಣಿತ. ನಿಮ್ಮ ಮನೆಯ ಸಾರಥಿ ನೀವೇ. ರಿಮೋಟ್ ನಿಮ್ಮ ಕೈಯಲ್ಲಿದೆ.

[ತೆರೆಯ ಮೇಲೆ: ಮೂರು ಹುಡುಗರು, ಒಬ್ಬ ಮುಂದೆ, ಇಬ್ಬರು ಹಿಂದೆ ನಗುತ್ತಿದ್ದಾರೆ]

ಈಗ ಕೆಟ್ಟ ಸಹವಾಸ. ಹೈದರಾಬಾದಿನ ಗ್ರೀನ್ ಗೋಲ್ಡ್ ಮಾಡಿದ ಛೋಟಾ ಭೀಮ್ 2008ರಿಂದ ಟಿವಿಯಲ್ಲಿದೆ. ಎಲ್ಲರೂ ಭೀಮನನ್ನು ನೋಡುತ್ತಾರೆ. ನಾನು ಢೋಲು-ಭೋಲು ನೋಡಿ ಅನ್ನುತ್ತೇನೆ. ಭೀಮನ ಎದುರಾಳಿ ಕಾಲಿಯಾ ಏನೇ ಕಿತಾಪತಿ ಮಾಡಲಿ, ಈ ಇಬ್ಬರು ಹಿಂದೆ ನಿಂತು ಹೂಂ ಅನ್ನುತ್ತಾರೆ. ನಿಮ್ಮ ಮಗ ಕಾಲಿಯಾ ಆಗುವುದಕ್ಕಿಂತ ಢೋಲು ಆಗುವ ಸಾಧ್ಯತೆಯೇ ಜಾಸ್ತಿ. ತಾನೇ ಮುಂದಾಗಿ ತಪ್ಪು ಮಾಡುವ ಮಕ್ಕಳು ಕಮ್ಮಿ, ಜೊತೆಗೆ ನಕ್ಕು ನಿಲ್ಲುವವರೇ ಬಹಳ. ಆದರೆ ಕಥೆ ಢೋಲುವಿನ ಕಡೆ ತಿರುಗುವುದೇ ಅಪರೂಪ, ಕೊನೆಗೆ ಭೀಮ ಲಾಡು ತಿಂದು ಗುದ್ದಿದರೆ ಮುಗಿಯಿತು. ಆ ಗುದ್ದನ್ನು ಮಕ್ಕಳು ಬೇಗ ಕಲಿಯುತ್ತಾರೆ. 1963ರಷ್ಟು ಹಿಂದೆಯೇ ಆಲ್ಬರ್ಟ್ ಬಂಡೂರಾ ಪ್ರಯೋಗದಲ್ಲಿ, ಕರಿ ಬೆಕ್ಕಿನ ವೇಷದ ಪಾತ್ರ ಗೊಂಬೆಗೆ ಹೊಡೆಯುವುದನ್ನು ತೆರೆಯ ಮೇಲೆ ನೋಡಿದ ಮಕ್ಕಳು ಆಮೇಲೆ ಗೊಂಬೆಗೆ ಹೊಡೆದಿದ್ದರು.

ಅಮೆರಿಕದವರು 1990ರ ಏಪ್ರಿಲ್ 21ರಂದು ಒಂದು ದೊಡ್ಡ ಸಾಹಸ ಮಾಡಿದರು. ಬಗ್ಸ್ ಬನ್ನಿ, ಗಾರ್ಫೀಲ್ಡ್, ನಿಂಜಾ ಆಮೆ ಎಲ್ಲರನ್ನೂ ಒಂದೇ ಕಾರ್ಟೂನಿನಲ್ಲಿ ಸೇರಿಸಿ, ಮಾದಕ ವಸ್ತು ಬೇಡ ಅನ್ನುವ ಅರ್ಧ ಗಂಟೆಯ ಕಾರ್ಯಕ್ರಮವನ್ನು ದೊಡ್ಡ ಚಾನೆಲ್‌ಗಳೆಲ್ಲ ಒಟ್ಟಿಗೇ ತೋರಿಸಿದವು. ಅದರಲ್ಲಿ ಹುಡುಗನನ್ನು ಕೆಡಿಸುವುದು ಹೊಗೆಯಿಂದ ಮಾಡಿದ ಒಂದು ದೆವ್ವ. ನಮ್ಮ ಓಣಿಯಲ್ಲಿ ದೆವ್ವ ಬರುವುದಿಲ್ಲ. ಕಾಕಾ ಬರುತ್ತಾನೆ. "ಏ ತಮ್ಮಾ, ಅಂಗಡಿಗೆ ಹೋಗಿ ಒಂದು ಪಾಕೀಟು ತೊಗೊಂಡು ಬಾ, ಉಳಿದ ಚಿಲ್ಲರೆ ನಿನಗ." ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಗಿದೆ, ಆದರೆ ಪಾನ್ ಮಸಾಲಾ ಬೇರೆ, ತಂಬಾಕು ಬೇರೆ ಪಾಕೀಟಿನಲ್ಲಿ ಬರುತ್ತವೆ. 2003ರ ಕಾಯಿದೆ ಪ್ರಕಾರ 18 ತುಂಬದವರಿಗೆ ತಂಬಾಕು ಮಾರುವಂತಿರಲಿಲ್ಲ, ಕರ್ನಾಟಕದಲ್ಲಿ 2025ರಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿದರು; ಶಾಲೆಯ ಹತ್ತಿರವೂ ಮಾರುವಂತಿಲ್ಲ. ಇದು ಅಂಗಡಿಯವನಿಗೂ ಗೊತ್ತು, ಕಾಕಾನಿಗೂ ಗೊತ್ತು. ಮಗುವಿಗೆ ಗೊತ್ತಿಲ್ಲದ್ದು ಒಂದೇ: ದೊಡ್ಡವರಿಗೆ ಬೇಡ ಅನ್ನುವುದು ಹೇಗೆ? ಎದುರು ಮಾತಾಡಿದರೆ ಉದ್ಧಟ ಅನ್ನುತ್ತೇವೆ, ಹೇಳಿದ್ದು ಮಾಡಿದರೆ ಶಾಣ್ಯಾ ಅನ್ನುತ್ತೇವೆ.

ಇಂಥ ಜಾಗದಲ್ಲಿ ಕಾರ್ಟೂನ್ ನಿಜವಾಗಿ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಮಾತನ್ನು ಬಾಯಿಗೆ ಹಾಕಿಕೊಡುತ್ತದೆ. ಯುನಿಸೆಫ್ 1990ರ ದಶಕದಲ್ಲಿ ದಕ್ಷಿಣ ಏಷ್ಯಾದ ಮಕ್ಕಳಿಗಾಗಿ ಮಾಡಿಸಿದ ಮೀನಾ ನೆನಪಿದೆಯಾ? ಮುಂಬೈನ ರಾಮ್ ಮೋಹನ್ ಅವರ ಕೈ ಅದರಲ್ಲಿತ್ತು. ಮಿಠ್ಠು ಅನ್ನುವ ಗಿಳಿ, ತಮ್ಮ ರಾಜು. ಮೀನಾ ಯಾರಿಗೂ ಗುದ್ದುವುದಿಲ್ಲ. ಮಾವಿನಹಣ್ಣಿನಲ್ಲಿ ತಮ್ಮನಿಗೆ ದೊಡ್ಡ ಪಾಲು ಯಾಕೆ ಅಂತ ಮನೆಯವರನ್ನೇ ಕೇಳುತ್ತಾಳೆ. ದನಿ ಏರಿಸದೆ, ಆದರೆ ಬಿಡದೆ. "ಕಾಕಾ, ಬೇರೆ ಏನಾದರೂ ತರತೀನಿ, ಅದನ್ನ ಮಾತ್ರ ಒಲ್ಲೆ" ಅಂತ ಹೇಳುವ ಹುಡುಗನ ಎಪಿಸೋಡ್ ಒಂದು ಕನ್ನಡದಲ್ಲಿ ಬರಬೇಕು. ನಮ್ಮ ಮಾತಿನಲ್ಲೇ ಬರಬೇಕು. ಹಿಂದಿಯಲ್ಲಿ ಭೀಮ ಹೇಳುವ ಮಾತನ್ನು ಮಗು ಕಾಕಾನ ಮುಂದೆ ಹೇಳಲಾಗುತ್ತದಾ?

ಕೊನೆಯದಾಗಿ ನೀವು ಮಾಡಬಹುದಾದದ್ದು. ಅಮೆರಿಕದ ಟೆಕ್ಸಸ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಎರಡರಿಂದ ಆರು ವರ್ಷದ 127 ಮಕ್ಕಳಲ್ಲಿ ಕೆಲವರಿಗೆ ಎರಡು ವಾರ ಡೇನಿಯಲ್ ಟೈಗರ್ ಕಾರ್ಟೂನ್ ತೋರಿಸಿದರು, ಉಳಿದವರಿಗೆ ಪ್ರಕೃತಿಯ ಕಾರ್ಯಕ್ರಮ. ಬೇರೆಯವರ ನೋವು ಅರ್ಥ ಮಾಡಿಕೊಳ್ಳುವುದು ಜಾಸ್ತಿ ಆದದ್ದು ಕಾರ್ಟೂನ್ ನೋಡಿದ ಎಲ್ಲರಲ್ಲೂ ಅಲ್ಲ. ಟಿವಿಯಲ್ಲಿ ನೋಡಿದ್ದರ ಬಗ್ಗೆ ಮನೆಯಲ್ಲಿ ಆಗಾಗ ಮಾತಾಡುವ ಅಪ್ಪ-ಅವ್ವ ಇದ್ದವರಲ್ಲಿ ಮಾತ್ರ.

ಹಾಗಂತ ಪಕ್ಕದಲ್ಲಿ ಕೂತು ಪಾಠ ಮಾಡಬೇಡಿ. "ಇದರಿಂದ ಏನು ಕಲಿತಿ?" ಅಂತ ಕೇಳಿದರೆ ಮಗು ನಿಮಗೆ ಬೇಕಾದ ಉತ್ತರ ಒಪ್ಪಿಸಿ ಎದ್ದು ಹೋಗುತ್ತದೆ. ನಡುವೆ ನಿಲ್ಲಿಸಿ ಕೇಳಿ: ಢೋಲು ಯಾಕೆ ನಕ್ಕ? ಅವನಿಗೂ ಹೆದರಿಕೆ ಇತ್ತಾ? ನಿಮ್ಮ ಕ್ಲಾಸಿನಲ್ಲಿ ಹೀಗೆ ಆಗಿತ್ತಾ? ಉತ್ತರ ಬರಲಿಲ್ಲವಾ, ಸುಮ್ನೆ ಮತ್ತೆ ಹಚ್ಚಿ. ರೊಟ್ಟಿ ಬಡಿಯುತ್ತಲೂ ಕೇಳಬಹುದು, ಇದಕ್ಕೆ ಬೇರೆ ಟೈಮ್ ಬೇಕಿಲ್ಲ. ಐದಾರು ವರ್ಷದ ಮಗುವಾದರೆ ನೀವೇ ಕೊಂಡಿ ಹಾಕಿಕೊಡಿ: "ಕನಕಗ ಬಾಳೆಹಣ್ಣು, ನಿನಗ ಗೆಳೆಯನ ರಬ್ಬರು." ಹತ್ತು ದಾಟಿದ ಮಕ್ಕಳು ತಾವೇ ಹಾಕಿಕೊಳ್ಳುತ್ತಾರೆ, ನಿಮ್ಮ ಮೇಲೂ ಹಾಕುತ್ತಾರೆ. ಬಸ್ಸಿನಲ್ಲಿ ಅರ್ಧ ಟಿಕೆಟ್‌ಗಾಗಿ ಮಗುವಿನ ವಯಸ್ಸು ಕಮ್ಮಿ ಹೇಳಿದ್ದೀರಾ? ಆ ಪ್ರಶ್ನೆಗೂ ತಯಾರಾಗಿ.

ಮುಂದಿನ ವಿಡಿಯೋದಲ್ಲಿ ಬಾಳೆಹಣ್ಣಿನ ಕಥೆಯನ್ನು ಕಾಗದ, ಕತ್ತರಿ, ಒಂದು ಮೊಬೈಲ್ ಇಟ್ಟುಕೊಂಡು ಮಕ್ಕಳೇ ಎರಡು ನಿಮಿಷದ ಕಾರ್ಟೂನ್ ಮಾಡುವುದು ಹೇಗೆ ಅಂತ ತೋರಿಸುತ್ತೇನೆ. ಹಳೆಯ ಲಗ್ನಪತ್ರಿಕೆ ಇದ್ದರೆ ರದ್ದಿಗೆ ಹಾಕಬೇಡಿ, ಅದರ ದಪ್ಪ ಕಾಗದ ಬೇಕಾಗುತ್ತದೆ.