ರೈಟರ್ ಪುಸ್ತಕ ಮತ್ತು ಜಾವಾ ಪಾಠ

ಕೇಳುಗರಿಗೆಲ್ಲ ನಮಸ್ಕಾರ. ಹಾಸನದ ಸುತ್ತಮುತ್ತ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು, ಅವರ ಅಪ್ಪ ಅಮ್ಮ ರೇಡಿಯೊ ಹತ್ತಿರ ಕೂತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ.

ಎರಡನೇ ವರ್ಷಕ್ಕೆ ಕಾಲಿಟ್ಟ ಕೂಡಲೇ ಕಂಪ್ಯೂಟರ್ ಓದುವ ಮಕ್ಕಳಿಗೆ ಒಂದು ವಿಷಯ ಎದುರಾಗುತ್ತದೆ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ನಾನು ಅದನ್ನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಲಿಸುತ್ತೇನೆ. ಹೆಸರು ಕೇಳಿಯೇ ಎಷ್ಟೋ ಮಕ್ಕಳು ಹೆದರುತ್ತಾರೆ. ಉಳಿದವರು ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಉರು ಹೊಡೆಯುತ್ತಾರೆ. ವೈವಾದಲ್ಲಿ ಎನ್‌ಕ್ಯಾಪ್ಸುಲೇಶನ್ ಅಂದರೇನು ಅಂತ ಕೇಳಿದರೆ ಗಿಳಿಯ ಹಾಗೆ ಒಪ್ಪಿಸುತ್ತಾರೆ. "ಸರಿ ಕಣಪ್ಪ, ಒಂದು ಕ್ಲಾಸ್ ಬರಿ ನೋಡೋಣ" ಅಂದರೆ ಕೈ ಓಡುವುದಿಲ್ಲ. ಕ್ಲಾಸ್ ಅಂದರೆ ಇಲ್ಲಿ ತರಗತಿಯಲ್ಲ, ಒಂದು ಬಗೆಯ ವಸ್ತುಗಳಿಗೆಲ್ಲ ಪ್ರೋಗ್ರಾಂನಲ್ಲಿ ಬರೆಯುವ ಅಚ್ಚು.

ಮಕ್ಕಳೇ, ಇವತ್ತು ನಾನು ಹೇಳುವುದು ಒಂದೇ ಮಾತು. ಬಾಯಿಪಾಠ ಬಿಡಿ. ಕಣ್ಣೆದುರಿನ ವಸ್ತುವನ್ನು ನೋಡಿ. ಅದಕ್ಕೆ ಎರಡು ಪ್ರಶ್ನೆ ಕೇಳಿ. ನಿನಗೆ ಏನು ಗೊತ್ತು? ನಿನಗೆ ಏನು ಮಾಡಲು ಬರುತ್ತದೆ? ಆಬ್ಜೆಕ್ಟ್ ಅಂದರೆ ಅಷ್ಟೇ.

ಈ ವಿದ್ಯೆ ಹುಟ್ಟಿದ್ದೂ ಹಾಗೆಯೇ. 1960ರ ದಶಕದಲ್ಲಿ ನಾರ್ವೆ ದೇಶದ ಓಸ್ಲೋ ನಗರದಲ್ಲಿ ಓಲೆ ಯೊಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಅಂತ ಇಬ್ಬರಿದ್ದರು. ಬಂದರಿಗೆ ಹಡಗು ಬರುವುದು, ಸರದಿಯಲ್ಲಿ ನಿಲ್ಲುವುದು, ಇಂಥದ್ದನ್ನೆಲ್ಲ ಕಂಪ್ಯೂಟರ್ ಒಳಗೆ ನಡೆಸಿ ನೋಡಲು ಅವರು ಸಿಮುಲಾ ಎಂಬ ಭಾಷೆ ಕಟ್ಟಿದರು. 1967ರ ಸಿಮುಲಾದಲ್ಲೇ ಕ್ಲಾಸ್, ಆಬ್ಜೆಕ್ಟ್ ಎಲ್ಲ ಬಂದವು. ಜಾವಾ ಹೊರಬಂದದ್ದು 1995ರಲ್ಲಿ. ಹಡಗು ಮೊದಲು, ವ್ಯಾಖ್ಯೆ ಆಮೇಲೆ. ಇದನ್ನು ನೆನಪಿಡಿ.

ನನ್ನ ಒಬ್ಬ ವಿದ್ಯಾರ್ಥಿಯ ವಿಷಯ ಹೇಳುತ್ತೇನೆ. ಸಕಲೇಶಪುರದ ಕಡೆಯ ಹುಡುಗ. ತಂದೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಕುಯ್ಲಿನ ಕಾಲದಲ್ಲಿ ಸಂಜೆ ಎಲ್ಲರೂ ಹಣ್ಣಿನ ಚೀಲ ಹೊತ್ತು ತಂದು ಸಾಲಾಗಿ ನಿಲ್ಲುತ್ತಾರೆ. ಒಂದೊಂದೇ ಚೀಲ ತಕ್ಕಡಿಗೆ ಏರುತ್ತದೆ. ರೈಟರ್ ಹೆಸರು ಕೂಗಿ ಕಿಲೋ ಬರೆದುಕೊಳ್ಳುತ್ತಾರೆ. ಆ ಲೆಕ್ಕವನ್ನೇ ಪ್ರೋಗ್ರಾಂ ಮಾಡಿಕೊಂಡು ಬಾ ಅಂತ ಹುಡುಗನಿಗೆ ಹೇಳಿದೆ.

ಮಾಡಿದ. ಹೆಸರುಗಳೆಲ್ಲ ಒಂದು ಪಟ್ಟಿಯಲ್ಲಿ, ಕಿಲೋಗಳೆಲ್ಲ ಇನ್ನೊಂದು ಪಟ್ಟಿಯಲ್ಲಿ. ಖಾಲಿ ಚೀಲದ ತೂಕ ಅಂತ ಕೊನೆಗೆ ಎಲ್ಲರ ಲೆಕ್ಕದಿಂದ ಒಂದೊಂದು ಕಿಲೋ ಕಳೆದ. ರಜೆಯಲ್ಲಿ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಅಪ್ಪನಿಗೆ ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಒಂದು ಹೆಸರಿನ ಹತ್ತಿರ ಬೆರಳು ನಿಂತಿತು. ಆ ಹೆಣ್ಣುಮಗಳು ಅವತ್ತು ಬೇಲೂರಿಗೆ ಮದುವೆಗೆ ಹೋಗಿದ್ದಳು, ಕೆಲಸಕ್ಕೇ ಬಂದಿರಲಿಲ್ಲ. ಅವಳ ಮುಂದೆ ಮೈನಸ್ 1 ಕಿಲೋ ಅಂತ ಇತ್ತು.

"ಇದೇನು ಮಗ, ಅವಳೇ ತೋಟಕ್ಕೆ ಹಣ್ಣು ಕೊಡ್ಬೇಕಾ? ತಕ್ಕಡಿ ಮೇಲೆ ಚೀಲ ಏರದೆ ನಾನು ಪುಸ್ತಕ ಮುಟ್ಟಲ್ಲ. ಬೇರೆಯವರನ್ನ ಮುಟ್ಟೋಕೂ ಬಿಡಲ್ಲ" ಅಂದರಂತೆ.

ಹುಡುಗ ಬಂದು ಇದನ್ನು ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾನು ಮೂರು ವಾರ ಬೋರ್ಡ್ ಮೇಲೆ ಬರೆದದ್ದನ್ನು ಅವರು ಎರಡು ಮಾತಿನಲ್ಲಿ ಕಲಿಸಿದ್ದರು! ಎನ್‌ಕ್ಯಾಪ್ಸುಲೇಶನ್ ಅಂದರೆ ಅದೇ. ಹುಡುಗ ಹಳೆಯದನ್ನೆಲ್ಲ ಅಳಿಸಿ, ಕೆಲಸಗಾರ ಅಂತ ಒಂದು ಕ್ಲಾಸ್ ಬರೆದ. ರೈಟರ್ ಪುಸ್ತಕದಲ್ಲಿ ಗೆರೆ ಎಳೆದ ಖಾಲಿ ಪುಟ ಇರುತ್ತದಲ್ಲ, ಅದು ಕ್ಲಾಸ್. ಒಬ್ಬೊಬ್ಬರ ಹೆಸರಿಗೆ ತುಂಬಿದ ಪುಟ ಆಬ್ಜೆಕ್ಟ್. ಒಳಗಿನ ಕಿಲೋ ಪ್ರೈವೇಟ್, ಹೊರಗಿನವರು ಮುಟ್ಟುವಂತಿಲ್ಲ. ತೂಕ ಸೇರಿಸು ಅನ್ನುವ ಒಂದೇ ಬಾಗಿಲು. ಚೀಲದ ತೂಕ ಅಲ್ಲೇ ಕಳೆಯುತ್ತದೆ, ತಪ್ಪು ತೂಕ ಬಂದರೆ ಅಲ್ಲೇ ವಾಪಸ್. ಮದುವೆಗೆ ಹೋದವಳ ಲೆಕ್ಕದಲ್ಲಿ ಈಗ ಸೊನ್ನೆ.

ನೋಡಿ, ಅವನು ವ್ಯಾಖ್ಯೆಯಿಂದ ಶುರು ಮಾಡಲಿಲ್ಲ. ಪುಟ ನೋಡಿದ. ನಿನಗೆ ಏನು ಗೊತ್ತು, ಏನು ಮಾಡಲು ಬರುತ್ತದೆ ಅಂತ ಕೇಳಿದ.

ಹೊತ್ತು ಜಾಸ್ತಿ ಉಳಿದಿಲ್ಲ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಇನ್‌ಹೆರಿಟೆನ್ಸ್. ಅಂದರೆ ಒಂದು ಕ್ಲಾಸ್‌ನ ಗುಣಗಳನ್ನು ಇನ್ನೊಂದು ಕ್ಲಾಸ್ ಮಗನ ಹಾಗೆ ಪಡೆಯುವುದು. ಅರೇಬಿಕಾ ಒಂದು ಬಗೆಯ ಕಾಫಿ, ರೊಬಸ್ಟಾ ಇನ್ನೊಂದು ಬಗೆ. ಅಲ್ಲಿ ಸರಿ. ಚೀಲದೊಳಗೆ ಕಾಫಿ ಇದೆ ಅಂತ ಚೀಲವನ್ನೂ ಕಾಫಿಯ ಮಗ ಮಾಡಬೇಡಿ. ಪ್ರತಿ ವರ್ಷ ಈ ತಪ್ಪು ನೋಡಿ ನನಗೆ ಸಾಕಾಗಿದೆ. ಇನ್ನು ಪಾಲಿಮಾರ್ಫಿಸಂ. ಶನಿವಾರ ಸಂಬಳದ ಲೆಕ್ಕ ಹಾಕು ಅಂತ ಎಲ್ಲರಿಗೂ ಒಂದೇ ಮಾತು ಹೇಳುತ್ತೀರಿ. ದಿನಗೂಲಿಯವರ ಪುಟ ದಿನ ಎಣಿಸುತ್ತದೆ, ಕಿಲೋ ಲೆಕ್ಕದವರ ಪುಟ ಕಿಲೋ ಕೂಡುತ್ತದೆ. ಕೂಗು ಒಂದೇ, ಅವರವರ ಕೆಲಸ ಅವರವರಿಗೆ ಗೊತ್ತು.

ಅಪ್ಪ ಅಮ್ಮಂದಿರಿಗೆ ಒಂದು ಕೋರಿಕೆ. ನಿಮ್ಮ ಅಂಗಡಿಯ ಉದ್ರಿ ಪುಸ್ತಕವೋ, ಡೇರಿಯ ಹಾಲಿನ ಲೆಕ್ಕವೋ, ಆಲೂಗಡ್ಡೆ ಮೂಟೆಯ ಚೀಟಿಯೋ, ಏನಿದ್ದರೂ ಇವತ್ತು ರಾತ್ರಿ ಮಗಳ ಮುಂದೆ, ಮಗನ ಮುಂದೆ ಇಡಿ. ಇದನ್ನು ಯಾರು ಬರೆಯಬಹುದು, ಯಾವಾಗ ಬರೆಯಬಹುದು, ಯಾರು ಮುಟ್ಟಬಾರದು ಅಂತ ನೀವೇ ಹೇಳಿಕೊಡಿ. ಮಕ್ಕಳೇ, ಪೆನ್ನು ಹಿಡಿದು ಕೂತುಕೊಳ್ಳಿ. ಲ್ಯಾಪ್‌ಟಾಪ್ ನಾಳೆ ತೆರೆದರೆ ಸಾಕು.

ನಮಸ್ಕಾರ.