ಸೊಂಟ ನೋವು: ನರ ಒತ್ತದಿದ್ದರೂ ಡಿಸ್ಕ್ ನೋಯುತ್ತದೆಯಾ?

ನಮಸ್ಕಾರ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ ಬಂತೆಂದರೆ 15 ಕೆಜಿ ಬಾಕ್ಸ್‌ಗಳನ್ನು ಬಗ್ಗಿ ಎತ್ತಿ ಲಾರಿಗೆ ತುಂಬುವುದೇ ಕೆಲಸ. ಅಲ್ಲಿ ಸಾಮಾನ್ಯವಾಗಿ ಕೇಳುವ ಮಾತು, "ಸೊಂಟ ಹಿಡ್ಕೊಂಡಿದೆ ಅಣ್ಣಾ, ನರ ಒತ್ತಿರಬೇಕು." ಆದರೆ ಯಾವ ನರವೂ ಒತ್ತದೆ, ಬೆನ್ನಿನ ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ತಾನೇ ನೋಯಬಹುದು.

[ಚಿತ್ರ: ಎರಡು ಮೂಳೆ, ನಡುವೆ ಅಡ್ಡ ಕತ್ತರಿಸಿದ ಡಿಸ್ಕ್]

ಡಿಸ್ಕ್‌ನ ನಡುವೆ ಮೆತ್ತನೆಯ ತಿರುಳು. ಸುತ್ತ ಈರುಳ್ಳಿಯ ಹಾಗೆ ಪದರ ಪದರವಾಗಿ ಗಟ್ಟಿ ನಾರು. ಚೆನ್ನಾಗಿರುವ ಡಿಸ್ಕ್‌ನ ತಿರುಳಿನಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ನರ ಇರುವುದು ಹೊರಗಿನ ಪದರಗಳಲ್ಲಿ ಮಾತ್ರ. ಹಿಂಬದಿಗೆ ಬರುವುದು ಸೈನುವರ್ಟಿಬ್ರಲ್ ನರ. ಜರ್ಮನಿಯ ಅಂಗರಚನಾ ತಜ್ಞ ಲುಷ್ಕಾ 1850ರಲ್ಲೇ ಇದನ್ನು ವಿವರಿಸಿದ್ದರು. ಅದು ಮೇಲಿನ, ಕೆಳಗಿನ ಡಿಸ್ಕ್‌ಗೂ ಕವಲು ಕೊಡುತ್ತದೆ. ಹಾಗಾಗಿ ನೋವಿನ ಜಾಗವನ್ನು ಒಂದು ಬೆರಳಿಟ್ಟು ತೋರಿಸುವುದು ಕಷ್ಟ. ಇಡೀ ಅಂಗೈ ಇಟ್ಟು "ಇಲ್ಲೆಲ್ಲಾ" ಅಂತೀವಿ, ಅಲ್ವಾ?

ಡಿಸ್ಕ್ ಸವೆದಾಗ ಪದರಗಳು ಸೀಳುತ್ತವೆ. ಆ ಸೀಳಿನಲ್ಲಿ ಸಣ್ಣ ರಕ್ತನಾಳಗಳು ಒಳಗೆ ಬೆಳೆಯುತ್ತವೆ, ಅವುಗಳ ಜೊತೆ ನರದ ಎಳೆಗಳೂ. ಬ್ರಿಟನ್ನಿನ ಸಂಶೋಧಕ ಫ್ರೀಮಾಂಟ್ ಅವರ ತಂಡ 1997ರಲ್ಲಿ, ನೋಯುವ ಕೆಲವು ಡಿಸ್ಕ್‌ಗಳಲ್ಲಿ ನರ ತಿರುಳಿನವರೆಗೂ ಹೋಗಿದ್ದನ್ನು ತೋರಿಸಿತು. ಜೊತೆಗೆ ಉರಿಯೂತವಿದ್ದರೆ ಆ ನರಗಳು ಇನ್ನೂ ಸೂಕ್ಷ್ಮವಾಗುತ್ತವೆ. ಬಗ್ಗಿದರೆ, ಜಾಸ್ತಿ ಹೊತ್ತು ಕುಳಿತರೆ ನೋವು ಕೆರಳುತ್ತದೆ.

ನನಗೆ ತುಂಬಾ ಮುಖ್ಯ ಅನ್ನಿಸುವುದು 1991ರ ಒಂದು ಕೆಲಸ. ಅಮೆರಿಕದ ಸರ್ಜನ್ ಕುಸ್ಲಿಚ್ ಮತ್ತು ಜೊತೆಗಾರರು ರೋಗಿಗಳು ಎಚ್ಚರವಿದ್ದಾಗಲೇ, ಆಪರೇಷನ್ ಜಾಗಕ್ಕೆ ಮಾತ್ರ ಮರಗಟ್ಟುವ ಔಷಧ ಕೊಟ್ಟು, ಒಳಗಿನ ಒಂದೊಂದೇ ಭಾಗವನ್ನು ಮುಟ್ಟಿ ಎಲ್ಲಿ ನೋಯುತ್ತದೆ ಎಂದು ಕೇಳಿದರು. ಡಿಸ್ಕ್‌ನ ಹೊರಪದರ ಮುಟ್ಟಿದಾಗ ಹಲವರಿಗೆ ಅದೇ ಹಳೆಯ ಸೊಂಟ ನೋವು. ಊದಿಕೊಂಡ, ಒತ್ತಡದಲ್ಲಿದ್ದ ನರದ ಬೇರು (ಬೆನ್ನುಹುರಿಯಿಂದ ನರ ಹೊರಡುವ ಭಾಗ) ಮುಟ್ಟಿದಾಗ ಕಾಲಿಗೆ ಇಳಿಯುವ ನೋವು. ಎರಡೂ ಬೇರೆ ಬೇರೆ. ಡಾಕ್ಟರ್ ಹತ್ತಿರ ಹೋದಾಗ "ಸೊಂಟ ನೋವು" ಎಂದಷ್ಟೇ ಹೇಳಬೇಡಿ. ಕಾಲಿಗೆ ಇಳಿಯುತ್ತದಾ, ಮೊಣಕಾಲು ದಾಟುತ್ತದಾ, ಅದನ್ನೂ ಹೇಳಿ.

ಎಂಆರ್‌ಐ ರಿಪೋರ್ಟ್ ನೋಡಿ ಸುಮ್ನೆ ಗಾಬರಿ ಬೇಡ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವರದಿ ಪ್ರಕಾರ, ನೋವೇ ಇಲ್ಲದ 20 ವರ್ಷದವರಲ್ಲೂ ಸುಮಾರು 37% ಜನರಿಗೆ ಡಿಸ್ಕ್ ಸವೆತ ಕಾಣುತ್ತದೆ. 80 ವರ್ಷದವರಲ್ಲಿ 96%.

ಆದರೆ ಮೂತ್ರ ಕಟ್ಟಿದರೆ, ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಪಾದ ಎತ್ತಲು ಬಲ ಸಾಲದಿದ್ದರೆ, ಸಂತೆ, ಲೋಡು ಯಾವುದನ್ನೂ ನೋಡದೆ ತಕ್ಷಣ ಆಸ್ಪತ್ರೆಗೆ ಹೋಗಿ.